ಐದು ಗಂಟೆಯ ಅಗಳಿ

ಚೌಬಾರಾ ದಾಟಿ ಎಡಕ್ಕೆ ಹೊರಳ್ರಿ,
ಆಮ್ಯಾಲ ಬಿದರಿ ಕೆತ್ತೋರ ಟಿಕ್‌ಟಿಕ್ ಕೇಳ್ತದ,
ಅದ್ರ ಹಿಂದ ಬರ್ರಿ, ಅಂದಿದ್ದಳು ಖುದ್ಸಿಯಾ.
ಕಣ್ಣಿಗಲ್ಲ, ಕಿವಿಗೆ ವಿಳಾಸ ಕೊಟ್ಟವಳು
ಇವಳೊಬ್ಬಳೇ.

ನಾನು, ಕೊಟ್ರಮ್ಮ
ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ಕಂಡವರ ಮಾತಿಗೆ ತಂತಿ ಚುಚ್ಚಿದವರು.
ಬೀದರ ಅಂದರೆ ನಮಗೆ
ಗುಲ್ಬರ್ಗಾದ ಆಚೆಯಿಂದ ಬರುವ ಒಂದು ಕರಕರ ಸದ್ದು, ಅಷ್ಟೆ.
ನಿವೃತ್ತಿಯ ದುಡ್ಡಿನಲ್ಲಿ ಕಾಶಿ ಬಿಟ್ಟು
ಆ ಸದ್ದಿನ ಊರು ನೋಡಲು ಬಂದೆವು;
ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಮೂರು ರಾತ್ರಿಯ ಬಾಡಿಗೆ ಮನೆ.
ಜಂಬಿಟ್ಟಿಗೆಯ ಗೋಡೆ, ಎರಡು ಮೊಳ ದಪ್ಪ,
ಗೇಣುದ್ದದ ಬೀಗದ ಕೈ,
ದೀಪದ ಗೂಡಿನಲ್ಲಿ ಪಾರಿವಾಳದ ಗರಿ,
ಫ್ಯಾನು ಇದೆ, ತಿರುಗುವುದು ಅದರ ಮರ್ಜಿ.
ಮೊಬೈಲಿಗೆ ಒಂದು ಕಡ್ಡಿಯೂ ಸಿಗ್ನಲ್ಲಿಲ್ಲ.
“ಗ್ವಾಡಿ ದಪ್ಪ ಅದಾವಲ್ರಿ, ಮಾತು ಒಳಗ ಹಾಯೂದಿಲ್ಲ.
ಮಾಳಿಗಿ ಏರಿದ್ರ ಸಿಗ್ತದ.”

ಷರತ್ತು ಒಂದೇ:
ಸಂಜೆ ಐದಕ್ಕೆ ಹಿತ್ತಲ ಬಾಗಿಲ ಅಗಳಿ ತೆಗೆದಿಡಬೇಕು.
“ಓಣಿ ಮಂದಿ ಹಾಯ್ತಾರ. ನಮ್ಮ ನಾನಿ ಕಾಲದಿಂದ ಹಿಂಗೇ ಅದ.”

ಮೊದಲ ಸಂಜೆ ಅಂಗಳದ ಹೊರಸಿನಲ್ಲಿ
ಚಹಾದ ಲೋಟ ಹಿಡಿದು ಕೂತಿದ್ದೆವು.
ಗಿರಣಿಯ ಬಿಸಿ ಇನ್ನೂ ಆರದ
ಜೋಳದ ಹಿಟ್ಟಿನ ಡಬ್ಬಿ ಹೊತ್ತವಳು ಹಾದಳು,
ಸೈಕಲ್ ಟ್ಯೂಬನ್ನು ಹಾರದಂತೆ ಹಾಕಿಕೊಂಡ ಹುಡುಗ,
ಬೆರಳ ತುದಿ ಕಪ್ಪಾದ ಒಬ್ಬ ಮುದುಕ,
ಅವನ ಹಿಂದೆ ಯಾರದೋ ಆಡು.
ನಮ್ಮನ್ನು ನೋಡಿ ಎದ್ದು ನಿಂತೆವೆಂದು
“ಕೂಡ್ರಿ ಕೂಡ್ರಿ” ಎಂದರು,
ನಾವು ಹಣ ಕೊಟ್ಟ ಮನೆಯಲ್ಲಿ ನಮಗೇ!

ಕೊಟ್ರಮ್ಮನಿಗೆ ಉರಿಯಿತು.
ದಿನಕ್ಕೆ ಇಷ್ಟು ಎಂದು ಎಣಿಸಿಕೊಟ್ಟಿದ್ದೇವೆ,
ಇದೇನು ಬಸ್ ಸ್ಟ್ಯಾಂಡೇ?
ಎರಡನೆಯ ಸಂಜೆ ಅಗಳಿ ಹಾಕಿಯೇ ಕೂತಳು.

ಯಾರೂ ಬಡಿಯಲಿಲ್ಲ.
ಹೆಜ್ಜೆ ಬರುತ್ತಿತ್ತು, ಬಾಗಿಲವರೆಗೆ,
ನಿಲ್ಲುತ್ತಿತ್ತು,
ತಿರುಗುತ್ತಿತ್ತು.
ಏಳು ಸಲ. ಎಣಿಸಿದ್ದು ನಾನಲ್ಲ, ಅವಳು.
ಆಡು ಮಾತ್ರ ಒಮ್ಮೆ ಕೊಂಬು ಉಜ್ಜಿ ನೋಡಿತು.

ಆ ರಾತ್ರಿ ಫ್ಯಾನು ನಿಂತಾಗ
ಕತ್ತಲಲ್ಲಿ ಹೇಳಿದಳು:
“ಕಾಟನ್ ಮಿಲ್ಲಿನವನು ನೆನಪಿದಾನಾ, ಶನಿವಾರ ಶನಿವಾರ
ಬೀದರಕ್ಕೆ ಟ್ರಂಕ್ ಕಾಲ್ ಬುಕ್ ಮಾಡ್ತಿದ್ದನಲ್ಲ.
ಪ್ರತಿಸಲ ಎರಡು ನಿಮಿಷ ‘ಕೇಳ್ತದೇನು, ಕೇಳ್ತದೇನು’.
ಮೂರನೇ ನಿಮಿಷ ಮಾತು ಶುರು ಆಗೋದು.
ಮೂರು ಆದ ತಕ್ಷಣ ನಾನು ಕಿತ್ತುಬಿಡ್ತಿದ್ದೆ.”
ರೂಲ್ಸು ರೂಲ್ಸೇ, ಅಂದೆ.
ನಾನೂ ಕಿತ್ತಿದ್ದೇನೆ.
ಗೋಡೆಯಾಚೆ ಟಿಕ್‌ಟಿಕ್ ಯಾವಾಗಲೋ ನಿಂತಿತ್ತು.

ಮೂರನೆಯ ದಿನ ಕೋಟೆ ನೋಡುವುದಿತ್ತು.
ಅರ್ಧ ನೋಡಿ, ಬಿಸಿಲು ಅಂತ ನೆಪ ಹೇಳಿ
ನಾಲ್ಕಕ್ಕೇ ಎಳೆದುಕೊಂಡು ಬಂದಳು.
ಅಗಳಿ ತೆಗೆದಳು, ಬಾಗಿಲಿಗೆ ಕಲ್ಲು ಒತ್ತಿಟ್ಟಳು,
ಗಾಳಿಗೂ ಮುಚ್ಚದ ಹಾಗೆ.

ಹಿಟ್ಟಿನ ಡಬ್ಬಿಯವಳು ಹೊಸ್ತಿಲಲ್ಲಿ ನಿಂತಳು.
“ನಿನ್ನಿ ಜಲ್ದಿ ಮಲಗಿದ್ರೇನ್ರಿ, ಅಕ್ಕಾರ?”
“ಹ್ಞೂಂ,” ಅಂದಳು ಕೊಟ್ರಮ್ಮ,
“ಕಾಲು ನೋವು.”
ಸುಳ್ಳನ್ನು ಅವಳೇ ಹೊಲಿದು ತಂದಿದ್ದಳು,
ಇವಳು ತೊಟ್ಟುಕೊಂಡಳು, ಅಳತೆ ಸರಿಯಾಗಿತ್ತು.
ಮುದುಕ ಬರಲಿಲ್ಲ. ಆರರವರೆಗೂ ಕಾದೆವು.

ಮರುದಿನ ಹುಮ್ನಾಬಾದ್ ದಾಟಿದ ಮೇಲೆ
ನಾನು ಟಿಕೆಟ್ಟಿನ ಹಿಂದೆ ಖರ್ಚು ಬರೆಯುತ್ತಿದ್ದೆ,
ಬಾಡಿಗೆ, ಆಟೋ, ಚಹಾ,
ಅವಳು ಕಿಟಕಿಗೆ ಕಿವಿ ಕೊಟ್ಟವಳು ಥಟ್ಟನೆ
“ಕೇಳ್ತದೇನು?” ಅಂದಳು.

ನನಗೋ, ಇನ್ನಾರಿಗೋ,
ಕೇಳಲಿಲ್ಲ ನಾನು.